ಅಲೆ ಕಾಣದೆ ಬಂದ ನಝರೆ

ಪೋರ್ತುಗಾಲಿನಿಂದ ಮರಳಿ ಬಂದು ಹದಿನೈದು ದಿನಗಳಾದವು. ಬೆಳಗಾವಿಯ ವಡಗಾವಿಯಲ್ಲಿರುವ ನಮ್ಮ ಓಣಿಯ ಮಂದಿಯೆಲ್ಲ ಕೇಳಿದ್ದು ಒಂದೇ ಪ್ರಶ್ನೆಯನ್ನು: ಆ ದೊಡ್ಡ ಅಲೆಯನ್ನು ನೋಡಿದಿರಾ? ನಝರೆ ಎಂಬ ಊರಿಗೆ ಹೋಗುತ್ತೇವೆಂದು ಹೊರಡುವ ಮೊದಲೇ ಹೇಳಿದ್ದೆವು. ಆಗಿನಿಂದಲೇ ಅವರೆಲ್ಲ ಮೊಬೈಲಿನಲ್ಲಿ ಅಲ್ಲಿನ ಅಲೆಗಳ ವಿಡಿಯೋ ನೋಡಿ, ಒಬ್ಬರಿಂದೊಬ್ಬರಿಗೆ ಕಳಿಸಿ, ನಮಗಿಂತ ಹೆಚ್ಚು ಉತ್ಸಾಹದಲ್ಲಿದ್ದರು. ಅಲೆಯನ್ನು ನೋಡಲಿಲ್ಲ ಎಂದಾಗ ಅವರ ಮುಖ ಸಪ್ಪಗಾಯಿತು. ಅಷ್ಟು ದೂರ ಹೋಗಿ ಇನ್ನೇನು ನೋಡಿ ಬಂದಿರಿ ಎಂಬ ಮಾತು ಅವರ ಬಾಯಿಗೆ ಬಂದು ನಿಂತದ್ದು ನನಗೆ ಕಾಣುತ್ತಿತ್ತು. ಅದಕ್ಕೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ.

ಬೆಳಗಾವಿಯವರಿಗೆ ಸಮುದ್ರವೆಂದರೆ ಗೋವಾ, ಪೋರ್ತುಗೀಸರೆಂದರೆ ಗೋವಾವನ್ನು ಆಳಿದವರು. ಈ ಎರಡು ಮಾತುಗಳ ಆಚೆಗೆ ನಮ್ಮ ತಿಳುವಳಿಕೆ ಹೋಗುವುದಿಲ್ಲ. 1961ರ ಡಿಸೆಂಬರಿನಲ್ಲಿ ಭಾರತದ ಸೈನ್ಯ ಬೆಳಗಾವಿಯಲ್ಲಿ ನೆರೆದು ಇಲ್ಲಿಂದಲೇ ಘಟ್ಟ ಇಳಿದು ಗೋವಾಕ್ಕೆ ಹೋಯಿತು. ಆ ದಿನಗಳಲ್ಲಿ ಲಾರಿಗಳ ಸದ್ದಿನಲ್ಲಿ ಮಗ್ಗದ ಸದ್ದೇ ಕೇಳುತ್ತಿರಲಿಲ್ಲ ಎಂದು ನೇಕಾರರಾಗಿದ್ದ ನನ್ನ ತಂದೆ ಹೇಳುತ್ತಿದ್ದರು. ಹೀಗಾಗಿ ಮಗ ಕೆಲಸದ ಮೇಲೆ ಲಿಸ್ಬನ್ನಿಗೆ ಹೋಗಿ ನೆಲೆಸಿ ನಮ್ಮನ್ನು ಕರೆಸಿಕೊಂಡಾಗ, ಗೋವಾದ ಮೂಲವನ್ನು ನೋಡಲು ಹೊರಟಿದ್ದೇನೆಂಬ ಭಾವನೆಯೇ ನನ್ನಲ್ಲಿತ್ತು. ಲಿಸ್ಬನ್ನಿನಲ್ಲಿ ಆ ಭಾವನೆಗೆ ಪೋಷಣೆಯೂ ಸಿಕ್ಕಿತು: ನದಿಯ ದಂಡೆಯಲ್ಲಿ ನಾವಿಕರ ಸ್ಮಾರಕ, ಇಗರ್ಜಿಯಲ್ಲಿ ವಾಸ್ಕೋ ಡ ಗಾಮಾನ ಸಮಾಧಿ, ಎಲ್ಲೆಲ್ಲೂ ಹಡಗಿನ ಚಿತ್ರ. ನಝರೆಯಲ್ಲಿ ಅದು ಉಳಿಯಲಿಲ್ಲ.

ಲಿಸ್ಬನ್ನಿನಿಂದ ಉತ್ತರಕ್ಕೆ ಸುಮಾರು 120 ಕಿಲೋಮೀಟರ್, ಬಸ್ಸಿನಲ್ಲಿ ಎರಡು ತಾಸಿನೊಳಗಿನ ದಾರಿ. ಬೆಳಗಾವಿಯಿಂದ ಪಣಜಿಗೆ ಇರುವಷ್ಟೇ ದೂರ ಎನ್ನಬಹುದು, ಘಟ್ಟದ ತಿರುವುಗಳು ಮಾತ್ರ ಇಲ್ಲ. ಮೇ ತಿಂಗಳ ಮೊದಲ ವಾರ. ನಮ್ಮಲ್ಲಿ ಬಿಸಿಲಿಗೆ ಟಾರು ಕರಗುವ ಹೊತ್ತಿನಲ್ಲಿ ಅಲ್ಲಿ ಸ್ವೆಟರು ತೊಟ್ಟು ಬಸ್ಸಿನಿಂದ ಇಳಿದೆವು. ಅಟ್ಲಾಂಟಿಕ್ ಸಾಗರದ ನೀರಿಗೆ ಕಾಲಿಟ್ಟ ಯಜಮಾನರು ಎರಡೇ ಹೆಜ್ಜೆಗೆ ಹಿಂದೆ ಬಂದು, ಇದು ಸಮುದ್ರವಲ್ಲ, ಬಾವಿಯ ನೀರು ಎಂದರು.

ಊರು ಎರಡು ಅಂತಸ್ತಿನದು. ಕೆಳಗೆ ಅರ್ಧಚಂದ್ರದ ಆಕಾರದ ಅಗಲವಾದ ಮರಳು, ಅದರ ಬೆನ್ನಿಗೆ ಬಿಳಿ ಗೋಡೆ ಮತ್ತು ಕೆಂಪು ಹೆಂಚಿನ ಮನೆಗಳು. ಓಣಿಗಳೆಲ್ಲ ಸಮುದ್ರಕ್ಕೆ ನೇರವಾಗಿ ಬಂದು ಸೇರುವುದರಿಂದ ಯಾವ ಮನೆಯ ಹೊಸ್ತಿಲಲ್ಲಿ ನಿಂತರೂ ಓಣಿಯ ತುದಿಯಲ್ಲಿ ಒಂದು ಗೇಣು ನೀಲಿ ಕಾಣುತ್ತದೆ. ಉತ್ತರದ ತುದಿಯಲ್ಲಿ ಸುಮಾರು 110 ಮೀಟರ್ ಎತ್ತರಕ್ಕೆ ಕಡಿದಾಗಿ ಎದ್ದು ನಿಂತ ಬಂಡೆ, ಅದರ ತಲೆಯ ಮೇಲೆ ಸೀತಿಯು ಎಂಬ ಮೇಲಿನ ಊರು. ಇವೆರಡನ್ನೂ ಜೋಡಿಸುವುದು 1889ರಲ್ಲಿ ಆರಂಭವಾದ ಒಂದು ಹಳಿಬಂಡಿ. ತಂತಿಗೆ ಕಟ್ಟಿದ ಎರಡು ಡಬ್ಬಿಗಳಲ್ಲಿ ಒಂದು ಇಳಿಯುವಾಗ ಇನ್ನೊಂದು ಏರುತ್ತದೆ, ನಡುದಾರಿಯಲ್ಲಿ ಎರಡೂ ಒಂದನ್ನೊಂದು ದಾಟುತ್ತವೆ. ಹಳಿಯ ಉದ್ದ 318 ಮೀಟರ್, ಇಳಿಜಾರು ಶೇಕಡಾ 42. ಲಿಸ್ಬನ್ನಿನ ಪ್ರಸಿದ್ಧ ಸಾಂತ ಜುಸ್ತ ಲಿಫ್ಟನ್ನು ಕಟ್ಟಿದ ರಾವುಲ್ ಮೆಸ್ನಿಯೇ ದು ಪೊನ್ಸಾರ್ ಎಂಬ ಎಂಜಿನಿಯರನೇ ಇದನ್ನೂ ರೂಪಿಸಿದ. ಮೊದಲು ಹಬೆಯಿಂದ ನಡೆಯುತ್ತಿದ್ದದ್ದು ಈಗ ವಿದ್ಯುತ್ತಿನಿಂದ ನಡೆಯುತ್ತದೆ. ಸಂತೆಯ ಚೀಲ ಹಿಡಿದ ಅಜ್ಜಿಯರು ನಾವು ಸಿಟಿ ಬಸ್ಸು ಹತ್ತುವಷ್ಟೇ ಸಲೀಸಾಗಿ ಅದನ್ನು ಹತ್ತಿ, ಕಿಟಕಿಯ ಆಚೆ ಕಣ್ಣೂ ಹಾಯಿಸದೆ ಕೂತಿದ್ದರು. ನಾವು ಮಾತ್ರ ಉಸಿರು ಬಿಗಿಹಿಡಿದು ಕೆಳಗೆ ಸರಿಯುತ್ತಿದ್ದ ಹೆಂಚುಗಳನ್ನು ನೋಡುತ್ತಿದ್ದೆವು.

ಮೇಲಿನ ಊರು ದೇವಿಯದು. ಕಥೆ ಹೀಗಿದೆ. 1182ರ ಸೆಪ್ಟೆಂಬರ್ ತಿಂಗಳ ಒಂದು ಮುಂಜಾವಿನಲ್ಲಿ ದೊಂ ಫೂವಾಸ್ ರೂಪಿನ್ಯು ಎಂಬ ಸರದಾರ ದಟ್ಟ ಮಂಜಿನಲ್ಲಿ ಜಿಂಕೆಯೊಂದರ ಬೆನ್ನು ಹತ್ತಿದ. ಜಿಂಕೆ ಬಂಡೆಯ ಅಂಚಿನಿಂದ ಕೆಳಗೆ ಹಾರಿತು. ಕುದುರೆಯೂ ಹಾರುವ ಹೊತ್ತಿಗೆ ಅವನು ಮಾತೆ ಮೇರಿಯನ್ನು ಕೂಗಿದ, ಕುದುರೆ ಹಿಂಗಾಲಿನ ಮೇಲೆ ಅಲ್ಲಿಯೇ ನಿಂತಿತು. ಜಿಂಕೆಯ ರೂಪದಲ್ಲಿ ಬಂದದ್ದು ಸೈತಾನ ಎಂದು ಭಕ್ತರು ಹೇಳುತ್ತಾರೆ. ಅಂಚಿನ ಕಲ್ಲಿನ ಮೇಲೆ ಕುದುರೆಯ ಗೊರಸಿನ ಗುರುತನ್ನೂ ತೋರಿಸುತ್ತಾರೆ. ನಮ್ಮ ಕಡೆ ಬೆಟ್ಟದ ಮೇಲಿನ ಯಾವ ಗುಡಿಗೆ ಹೋದರೂ ದೇವರ ಹೆಜ್ಜೆಯೋ ಕುದುರೆಯ ಹೆಜ್ಜೆಯೋ ಇದ್ದೇ ಇರುವುದರಿಂದ ನನಗೆ ಇದು ಪರಿಚಿತ ನೆಲವೆನಿಸಿತು. ಆ ಸ್ಥಳದಲ್ಲಿರುವ ಪುಟ್ಟ ಗುಡಿಯ ಒಳಗೆಲ್ಲ ನೀಲಿ ಬಿಳಿ ಹೆಂಚಿನ ಚಿತ್ತಾರ, ಒಂದು ಇಕ್ಕಟ್ಟಾದ ಮೆಟ್ಟಿಲಿಳಿದರೆ ಕೆಳಗೊಂದು ಗವಿ. ಮರದ ಕಪ್ಪು ಮಾತೆಯ ಮೂರ್ತಿ ಮಾತ್ರ ಚೌಕದ ಆಚೆಯ ದೊಡ್ಡ ಇಗರ್ಜಿಯಲ್ಲಿದೆ. ಅದು ಏಸು ಬೆಳೆದ ಊರಾದ ನಜರೇತಿನಿಂದ ಬಂದದ್ದೆಂಬ ನಂಬಿಕೆಯಿಂದಲೇ ಊರಿಗೆ ನಝರೆ ಎಂಬ ಹೆಸರು. ಇಂಡಿಯಾಕ್ಕೆ ಹಡಗು ಬಿಡುವ ಮುನ್ನ ವಾಸ್ಕೋ ಡ ಗಾಮಾ ಈ ಮಾತೆಗೆ ನಡೆದುಕೊಂಡನೆಂದೂ ಅಲ್ಲಿನವರು ನಂಬುತ್ತಾರೆ, ಅದರ ನೆನಪಿಗೊಂದು ಕಲ್ಲಿನ ಕಂಬವಿದೆ. ಬೆಳಗಾವಿಯಲ್ಲಿ ವಾಸ್ಕೋ ಎಂದರೆ ರೈಲಿನ ಕೊನೆಯ ಸ್ಟೇಷನ್ನು. ಯಜಮಾನರು ಆ ಕಂಬದ ಪಕ್ಕ ನಿಂತು, ಈಗ ಮೊದಲ ಸ್ಟೇಷನ್ನಿನಲ್ಲಿದ್ದೇವೆ ಎಂದು ಫೋಟೋ ತೆಗೆಸಿಕೊಂಡರು.

ಇನ್ನು ಅಲೆಯ ವಿಷಯ. ಬಂಡೆಯ ಮೂಗಿನಂತೆ ಸಮುದ್ರಕ್ಕೆ ಚಾಚಿದ ತುದಿಯಲ್ಲಿ ಸಂತ ಮೈಕೆಲನ ಹೆಸರಿನ ಸಣ್ಣ ಕೋಟೆ, ಅದರ ಮೇಲೆ ಕೆಂಪು ದೀಪಸ್ತಂಭ. ಅಲೆ ನೋಡುವವರು ಬಂದು ನಿಲ್ಲುವುದು ಇಲ್ಲಿಯೇ. ಕೋಟೆಯ ಎಡಕ್ಕೆ ಊರಿನ ಶಾಂತ ದಂಡೆ, ಬಲಕ್ಕೆ ಉತ್ತರದ ದಂಡೆ ಎಂದೇ ಕರೆಯುವ ಇನ್ನೊಂದು. ರಾಕ್ಷಸ ಅಲೆಗಳು ಏಳುವುದು ಆ ಬಲಗಡೆಯಲ್ಲಿ, ಅದೂ ಅಕ್ಟೋಬರಿನಿಂದ ಮಾರ್ಚಿನವರೆಗಿನ ಚಳಿಗಾಲದಲ್ಲಿ. ಕಾರಣ ನೀರಿನ ಅಡಿಯಲ್ಲಿದೆ. 200 ಕಿಲೋಮೀಟರಿಗೂ ಉದ್ದವಾದ, ಕೆಲವೆಡೆ ಸುಮಾರು 5,000 ಮೀಟರ್ ಆಳವಿರುವ ಒಂದು ಕಮರಿ ಸಮುದ್ರದ ತಳವನ್ನು ಸೀಳಿಕೊಂಡು ಈ ಮೂಗಿನ ಬುಡಕ್ಕೇ ಬಂದು ಮುಟ್ಟುತ್ತದೆ. ಮಳೆಯಾದ ಮೇಲೆ ಚಕ್ಕಡಿಯ ಒಂದು ಗಾಲಿ ಗಟ್ಟಿ ರಸ್ತೆಯ ಮೇಲೂ ಇನ್ನೊಂದು ಎರೆಹೊಲದ ಕೆಸರಿನಲ್ಲೂ ಇದ್ದರೆ ಚಕ್ಕಡಿ ಯಾವ ಕಡೆ ತಿರುಗುತ್ತದೆ ಎಂಬುದನ್ನು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೆಸರಿನ ಗಾಲಿ ಹಿಂದುಳಿಯುತ್ತದೆ, ರಸ್ತೆಯ ಗಾಲಿ ಮುಂದೋಡುತ್ತದೆ, ಇಡೀ ಚಕ್ಕಡಿ ಕೆಸರಿನ ಕಡೆಗೆ ಹೊರಳುತ್ತದೆ. ಅಲೆಯದೂ ಇದೇ ಕಥೆ. ಕಮರಿಯ ಆಳದ ಮೇಲೆ ಬರುವ ಅಲೆಯ ವೇಗ ಕಡಿಮೆಯಾಗುವುದಿಲ್ಲ, ಪಕ್ಕದ ಆಳವಿಲ್ಲದ ತಳದ ಮೇಲೆ ಬರುವ ಅಲೆ ತಡೆಯುತ್ತದೆ. ಆಳದಲ್ಲಿ ಬಂದದ್ದು ಆ ಕಡೆಗೆ ಹೊರಳಿ ಉತ್ತರದ ದಂಡೆಯೆದುರು ಮತ್ತೊಂದರ ಮೇಲೆ ಏರುತ್ತದೆ, ದಂಡೆಯಗುಂಟ ಹರಿದು ಬರುವ ಪ್ರವಾಹ ಅದನ್ನು ಇನ್ನಷ್ಟು ಎತ್ತುತ್ತದೆ. 2011ರಲ್ಲಿ ಗ್ಯಾರೆಟ್ ಮೆಕ್‌ನಮಾರಾ ಎಂಬ ಅಮೆರಿಕದ ಸರ್ಫರ್ ಇಲ್ಲಿ ಸುಮಾರು 24 ಮೀಟರ್ ಎತ್ತರದ ಅಲೆಯ ಮೇಲೆ ಹಲಗೆ ಓಡಿಸಿದ ಮೇಲೆ ಈ ಊರಿನ ಹೆಸರು ಜಗತ್ತಿಗೆಲ್ಲ ಹಬ್ಬಿತು. 2020ರ ಅಕ್ಟೋಬರಿನಲ್ಲಿ ಜರ್ಮನಿಯ ಸೆಬಾಸ್ಟಿಯನ್ ಸ್ಟಾಯ್ಡ್‌ನರ್ 26.21 ಮೀಟರಿನ ಅಲೆಯನ್ನೇರಿ ದಾಖಲೆ ಬರೆದ. ಕೋಟೆಯ ಒಳಗೆ ಅಂಥವರ ಹಲಗೆಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ಹೊರಗೆ ಜಿಂಕೆಯ ತಲೆ, ಮನುಷ್ಯನ ಮೈ, ಕೈಯಲ್ಲಿ ಹಲಗೆ ಇರುವ ಒಂದು ಪ್ರತಿಮೆ ಇದೆ. ಜಿಂಕೆಯ ಕಥೆಯನ್ನೂ ಹಲಗೆಯ ಕಥೆಯನ್ನೂ ಒಂದೇ ಮೈಗೆ ಹೊಲಿದದ್ದು ಕೆಲವರಿಗೆ ಜಾಣತನವಾಗಿ ಕಂಡೀತು, ನನಗೆ ಜಾತ್ರೆಯ ಬೊಂಬೆಯಂತೆ ಕಂಡಿತು. ನಾವು ಹೋದ ದಿನ ಆ ಭಯಂಕರ ದಂಡೆಯಲ್ಲಿ ಮೊಣಕಾಲೆತ್ತರದ ಅಲೆಗಳು ಬಂದು ಬಿದ್ದು ಹೋಗುತ್ತಿದ್ದವು.

ಅಲೆಯಿಲ್ಲದ ಕಾರಣ ನಮಗೆ ಮೂರು ದಿನ ಕೆಳಗಿನ ಊರನ್ನು ನೋಡಲು ಸಿಕ್ಕಿತು. ನಾನು ಮೀನು ತಿನ್ನುವವಳಲ್ಲ. ಬೆಳಗಾವಿಯ ಮಾರುಕಟ್ಟೆಯಲ್ಲಿ ಒಣಮೀನಿನ ಸಾಲು ಬಂದರೆ ಸೆರಗನ್ನು ಮೂಗಿಗೆ ಹಿಡಿದು ದಾಟುವವಳು. ನಝರೆಯ ಮರಳಿನ ಮೇಲೆ ಒಣಮೀನಿನದೇ ಒಂದು ಪುಟ್ಟ ಬಡಾವಣೆ ಇದೆ. ಮರದ ಚೌಕಟ್ಟಿಗೆ ಬಲೆ ಬಿಗಿದು, ನಡುವೆ ಸೀಳಿ ಉಪ್ಪುನೀರಿನಲ್ಲಿ ತೊಳೆದ ಮೀನುಗಳನ್ನು ಹೋಳಿಗೆಯಂತೆ ಬಿಡಿಸಿ ಹಾಸಿರುತ್ತಾರೆ. ಹೆಚ್ಚಿನದು ಕರಪಾವ್ ಎಂಬ ಜಾತಿ. ಅವುಗಳನ್ನು ತಿರುವಿ ಹಾಕುತ್ತ ಕೂತವರೆಲ್ಲ ವಯಸ್ಸಾದ ಹೆಂಗಸರು. ಅವರಲ್ಲಿ ಕೆಲವರು ಇಂದಿಗೂ ಈ ಊರಿನ ಪ್ರಸಿದ್ಧ ಏಳು ಲಂಗಗಳ ಉಡುಪಿನಲ್ಲಿದ್ದರು.

ನೇಕಾರರ ಮನೆಯಲ್ಲಿ ಹುಟ್ಟಿದವಳಿಗೆ ಲಂಗದ ಅಂಚು ಕಂಡರೆ ಮೀನಿನ ವಾಸನೆ ಮರೆಯುತ್ತದೆ. ಒಳಗೆ ಬಿಳಿಯದು, ಅದರ ಮೇಲೆ ಬಣ್ಣಬಣ್ಣದ ಬೆಚ್ಚನೆಯ ಬಟ್ಟೆಯವು, ಒಂದೊಂದರ ಅಂಚಿಗೂ ಕೈಯಿಂದ ಹೆಣೆದ ಬೇರೆ ಬೇರೆ ಕಸೂತಿ, ಎಲ್ಲಕ್ಕೂ ಮೇಲೆ ಮೊಣಕಾಲಿನವರೆಗಿನ ಚೌಕಳಿಯದು. ಅದರ ಮುಂದೆ ಏಪ್ರನ್ನು, ತಲೆಗೊಂದು ವಸ್ತ್ರ, ಕಿವಿಯಲ್ಲಿ ಬಂಗಾರ. ಏಳೇ ಏಕೆ ಎಂದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ: ವಾರಕ್ಕೆ ಏಳು ದಿನ ಎನ್ನುವವರಿದ್ದಾರೆ, ಸಮುದ್ರದ ಅಲೆ ಏಳರ ಲೆಕ್ಕದಲ್ಲಿ ಬರುತ್ತದೆ ಎನ್ನುವವರೂ ಇದ್ದಾರೆ. ನನಗೆ ಒಪ್ಪಿತವಾದದ್ದು ಎಲ್ಲಕ್ಕಿಂತ ಸರಳವಾದ ಕಾರಣ. ದೋಣಿಯ ದಾರಿ ಕಾಯುತ್ತ ಚಳಿಗಾಳಿಯಲ್ಲಿ ತಾಸುಗಟ್ಟಲೆ ಮರಳಿನ ಮೇಲೆ ಕೂರುವವಳಿಗೆ ಕೆಲವು ಲಂಗ ಕಾಲಿಗೆ, ಕೆಲವು ತಲೆ ಮತ್ತು ಹೆಗಲಿಗೆ ಹೊದಿಕೆ.

ಕಾಯುವುದು ಇಲ್ಲಿ ಬರಿಯ ಮಾತಲ್ಲ. 1980ರ ದಶಕದಲ್ಲಿ ಬಂದರು ಆಗುವವರೆಗೆ ಈ ಊರಿಗೆ ದೋಣಿ ನಿಲ್ಲಿಸುವ ಜಾಗವೇ ಇರಲಿಲ್ಲ. ಮೂತಿ ಮೇಲೆತ್ತಿದ ಮರದ ದೋಣಿಗಳನ್ನು ಅಲೆಯ ಬಾಯಿಯಿಂದ ನೇರವಾಗಿ ಮರಳಿಗೆ ಎಳೆಯಬೇಕಿತ್ತು. ಎತ್ತುಗಳನ್ನು ನೀರಿಗಿಳಿಸಿ ಎಳೆಸುತ್ತಿದ್ದರು, ಆಮೇಲೆ ಟ್ರ್ಯಾಕ್ಟರು ಬಂತು. ಹಳೆಯ ಫೋಟೋ ಒಂದರಲ್ಲಿ ಸಮುದ್ರದ ನೊರೆಯಲ್ಲಿ ನಿಂತ ಜೋಡೆತ್ತನ್ನು ಕಂಡು ನಾನೂ ಯಜಮಾನರೂ ಬಹಳ ಹೊತ್ತು ಅಲ್ಲಿಂದ ಕದಲಲಿಲ್ಲ. ಎತ್ತಿಗೆ ಇಂಥ ಹೊಲವೂ ಇದೆಯೆಂದು ನಾವು ಎಣಿಸಿರಲಿಲ್ಲ. ದಡ ಇನ್ನು ನೂರು ಮಾರು ಇದೆ ಎನ್ನುವಾಗ ದೋಣಿ ಮಗುಚುತ್ತಿತ್ತು, ಮನೆಮಂದಿ ನೋಡುತ್ತ ನಿಂತಿರುವಂತೆಯೇ ಗಂಡಸರು ಮುಳುಗುತ್ತಿದ್ದರು. ಇನ್ನು ಕೆಲವರು ಕಾಡ್ ಮೀನು ಹಿಡಿಯಲು ನ್ಯೂಫೌಂಡ್‌ಲ್ಯಾಂಡ್ ಮತ್ತು ಗ್ರೀನ್‌ಲ್ಯಾಂಡಿನ ಕಡೆಗೆ ಹೋಗಿ, ಮಂಜಿನ ಸಮುದ್ರದಲ್ಲಿ ಒಬ್ಬನೇ ಕೂರುವ ಪುಟ್ಟ ದೋಣಿಯಲ್ಲಿ ತಿಂಗಳುಗಟ್ಟಲೆ ಗಾಳ ಹಾಕುತ್ತಿದ್ದರು. ಗಂಡ ತೀರಿದ ಮೇಲೆ ಕರಿಯ ಬಟ್ಟೆಯನ್ನೇ ಉಡುವ ಹೆಂಗಸರು ಊರಿನಲ್ಲಿ ಇಂದಿಗೂ ಕಾಣುತ್ತಾರೆ.

ಇದೆಲ್ಲ ನಡೆಯುತ್ತಿದ್ದಾಗ ಅಧಿಕಾರದಲ್ಲಿದ್ದವನು ಪೋರ್ತುಗಾಲಿನ ಸರ್ವಾಧಿಕಾರಿ ಸಾಲಝಾರ್, ಗೋವಾವನ್ನು ಬಿಟ್ಟುಕೊಡುವುದಿಲ್ಲವೆಂದು 1961ರವರೆಗೆ ಹಟ ಹಿಡಿದ ಅದೇ ಸಾಲಝಾರ್. ಅವನ ಸರ್ಕಾರ ನಝರೆಯ ಲಂಗಗಳನ್ನೂ ದೋಣಿಗಳನ್ನೂ ಪ್ರವಾಸಿಗರಿಗೆ ಚಿತ್ರ ಮಾಡಿ ತೋರಿಸಿತು, ಬಂದರು ಬಂದದ್ದು ಮಾತ್ರ 1974ರ ಏಪ್ರಿಲಿನಲ್ಲಿ ಆ ಆಡಳಿತ ಉರುಳಿದ ಮೇಲೆ. ಗೋವಾದ ಸಂಪತ್ತು ಹಡಗು ತುಂಬಿ ಬಂದ ಮನೆಗಳು ಬೇರೆ ಎಲ್ಲೋ ಇದ್ದಾವು. ಈ ಮರಳಿನ ಮೇಲೆ ಅದರ ಒಂದು ಕಾಸೂ ಬಿದ್ದಂತೆ ನನಗೆ ಕಾಣಲಿಲ್ಲ.

ಬಾಡಿಗೆ ಕೋಣೆಯ ಒಡತಿಗೆ ಎಪ್ಪತ್ತು ದಾಟಿರಬೇಕು. ಭಾಷೆ ಬಾರದ ನಮಗೆ ಅವಳು ಕೈಗಿಟ್ಟ ಕೀಲಿಯನ್ನು ‘ಶಾವ್’ ಎಂದಳು, ನಾನು ‘ಚಾವಿ’ ಎಂದೆ, ಇಬ್ಬರೂ ನಕ್ಕೆವು. ಅಲ್ಲಿಂದ ಆಟ ಶುರುವಾಯಿತು: ಅವಳ ಮೇಝ ನಮ್ಮ ಮೇಜು, ಅವಳ ಬಾಲ್ದ್ ನಮ್ಮ ಬಾಲ್ದಿ, ಬಟಾಟ ಎರಡೂ ಕಡೆ ಬಟಾಟೆಯೇ. ನಮ್ಮ ಕಡೆ ತಿಂಗಳ ಕೊನೆಗೆ ಕೈಗೆ ಬರುವ ಪಗಾರವೂ ಅವರ ಭಾಷೆಯಲ್ಲಿ ಹಣ ಕೊಡುವುದು ಎಂಬ ಕ್ರಿಯಾಪದ. ಮೀನಿನ ಊರಿನಲ್ಲಿ ಮೀನು ತಿನ್ನದವರಿಗೆ ಏನು ಬಡಿಸುವುದೆಂದು ತಲೆ ಕೆಡಿಸಿಕೊಂಡು, ಬಟಾಟೆ ಕುದಿಸಿ ಅರೆದು ಅದರಲ್ಲಿ ಕೋಸಿನ ಜಾತಿಯ ಹಸಿರೆಲೆಯನ್ನು ದಾರದಷ್ಟು ಸಣ್ಣಗೆ ಹೆಚ್ಚಿ ಹಾಕಿದ ಸಾರು ಮಾಡಿಕೊಟ್ಟಳು. ವಾಡಿಕೆಯಂತೆ ಹಾಕುವ ಹಂದಿಮಾಂಸದ ತುಂಡನ್ನು ನಮಗಾಗಿ ಬಿಟ್ಟಿದ್ದಳು. ನಾನು ಮಗನಿಗೆಂದು ಒಯ್ದ ಕುಂದಾದಲ್ಲಿ ಅರ್ಧ ಅವಳಿಗೆ ಕೊಟ್ಟೆ. ಹಾಲನ್ನು ಇಷ್ಟು ಹೊತ್ತು ಕಾಯಿಸುವ ತಾಳ್ಮೆ ಯಾರಿಗಿದೆ ಎಂದು ಕೇಳಿದಳೆಂದು ಮಗನ ಅನುವಾದ.

ಕೊನೆಯ ಸಂಜೆ ಎಂಟೂವರೆಗೆ ಸೂರ್ಯ ಮುಳುಗುತ್ತಿದ್ದ. ದಂಡೆಯಲ್ಲಿ ಉಳಿದಿದ್ದ ಒಬ್ಬಳೇ ಹೆಂಗಸು ಮೀನಿನ ಚೌಕಟ್ಟುಗಳನ್ನು ಒಂದೊಂದಾಗಿ ಎತ್ತಿಡುತ್ತಿದ್ದಳು. ಅವಳ ಒಪ್ಪಿಗೆ ಪಡೆದು ಒಂದು ಫೋಟೋ ತೆಗೆದೆ.

ಓಣಿಯ ಮಂದಿಗೆ ಅಲೆಯ ಬದಲು ತೋರಿಸಿದ್ದು ಆ ಫೋಟೋವನ್ನು. ಹೆಚ್ಚಿನವರು ಬೆರಳಿನಿಂದ ಅದನ್ನು ಸರಿಸಿ ಮುಂದಿನದನ್ನು ನೋಡಿದರು. ಕಾರವಾರದಿಂದ ಮದುವೆಯಾಗಿ ಬಂದ ಪಕ್ಕದ ಮನೆಯ ಸೊಸೆ ಮಾತ್ರ ಅದನ್ನು ದೊಡ್ಡದು ಮಾಡಿ, ಬಲೆಯ ಮೇಲಿನ ಮೀನುಗಳನ್ನು ಒಂದೊಂದಾಗಿ ನೋಡಿ, ಎಷ್ಟು ಬಿಸಿಲಿಗೆ ತೆಗೆಯುತ್ತಾರೆ, ಮಂಜು ಬಿದ್ದ ದಿನ ಏನು ಮಾಡುತ್ತಾರೆ ಎಂದು ಕೇಳಿದಳು. ಮೂರು ದಿನ ಆ ಹೆಂಗಸರ ಲಂಗದ ಅಂಚನ್ನು ನೋಡುತ್ತ ಕೂತಿದ್ದ ನನಗೆ ಅದನ್ನು ಕೇಳಬೇಕೆಂದು ಹೊಳೆದೇ ಇರಲಿಲ್ಲ.