ಮಗನ ಈಗಿನ ವಯಸ್ಸು ಎಕ್ಸ್ ಆಗಿರಲಿ

ಶಾಲೆಯ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದಾಗ ನನಗೆ ಮೊದಲು ನೆನಪಾದದ್ದು ಮಳೆ. ಸೋಮವಾರಪೇಟೆ ಸೀಮೆಯ ಜುಲೈ ಮಳೆ. 1984ರಲ್ಲಿ ನಮ್ಮ ಒಂಬತ್ತನೇ ತರಗತಿಯ ಮಾಡು ತಗಡಿನದು. ಮಳೆ ಜೋರಾದರೆ ಪಕ್ಕದವನ ಮಾತೂ ಕೇಳಿಸುತ್ತಿರಲಿಲ್ಲ. ಉಳಿದ ಮೇಷ್ಟ್ರುಗಳು ಪುಸ್ತಕ ಮುಚ್ಚಿ ಕಿಟಕಿಯತ್ತ ನೋಡುತ್ತ ನಿಲ್ಲುತ್ತಿದ್ದರು. ಲೆಕ್ಕದ ಮೇಷ್ಟ್ರು ಮಾತ್ರ ಒದ್ದೆ ಕೊಡೆಯನ್ನು ಮೂಲೆಗೆ ಒರಗಿಸಿ, ಪಂಚೆಯ ಅಂಚು ಹಿಂಡಿ, ಕಾಲ್ಬೆರಳ ಸಂದಿಯ ಜಿಗಣೆಯನ್ನು ಕಿತ್ತು ಹೊರಗೆಸೆದು, ಒಂದು ಮಾತೂ ಆಡದೆ ಬೋರ್ಡಿನ ಮೇಲೆ ಬರೆಯತೊಡಗುತ್ತಿದ್ದರು. ಬೀಜಗಣಿತವನ್ನು ನಾನು ಕಣ್ಣಿನಿಂದಲೇ ಕಲಿತೆ.

ವಯಸ್ಸಿನ ಲೆಕ್ಕವೆಂದರೆ ಅವರಿಗೆ ಪ್ರಾಣ. ಮೊದಲ ಸಾಲು ಸಾಮಾನ್ಯವಾಗಿ ಒಂದೇ: ‘ಮಗನ ಈಗಿನ ವಯಸ್ಸು ಎಕ್ಸ್ ಆಗಿರಲಿ.’ ಆ ‘ಆಗಿರಲಿ’ಯನ್ನು ಬರೆಯದೆ ಸಮೀಕರಣಕ್ಕೆ ಹಾರಿದವನಿಗೆ ಉತ್ತರ ಸರಿಯಿದ್ದರೂ ಅಂಕವಿಲ್ಲ. ಹಿರಿಯರು ‘ಒಳ್ಳೆಯದಾಗಲಿ’ ಎಂದು ಹರಸುತ್ತಾರಲ್ಲ, ಅದೇ ಧಾಟಿಯ ಮಾತು ಇದು ಎಂದು ನನಗೆ ಆಗಲೇ ಅನ್ನಿಸುತ್ತಿತ್ತು. ಗೊತ್ತಿಲ್ಲದ್ದಕ್ಕೆ ಹೆದರದೆ ಹೆಸರಿಟ್ಟು, ಗೊತ್ತಿರುವ ಸಂಖ್ಯೆಗಳ ಪಕ್ಕದಲ್ಲೇ ಕೂರಿಸುವುದು! ಆಮೇಲೆ ಎರಡು ಮನೆ ಗೀಚುತ್ತಿದ್ದರು, ‘ಈಗ’ ಮತ್ತು ‘ಆಗ’. ವರ್ಷ ಕೂಡಿಸಿದರೆ ಇಬ್ಬರಿಗೂ ಕೂಡಿಸಬೇಕು, ಕಳೆದರೆ ಇಬ್ಬರಿಗೂ ಕಳೆಯಬೇಕು. ನಮ್ಮಲ್ಲಿ ಅರ್ಧ ಜನ ಎಡವುತ್ತಿದ್ದದ್ದು ಅಲ್ಲೇ. ಅಪ್ಪನಿಗೆ ಐದು ವರ್ಷ ಸೇರಿಸಿ ಮಗನನ್ನು ಮರೆತುಬಿಡುತ್ತಿದ್ದೆವು. ಮಳೆ ಬಿಟ್ಟ ಗಳಿಗೆಯಲ್ಲಿ ಮೇಷ್ಟ್ರು ಹೇಳುತ್ತಿದ್ದರು: ‘ಎಷ್ಟು ಪಟ್ಟು ಎನ್ನುವುದು ವರ್ಷವರ್ಷವೂ ಬದಲಾಗುತ್ತದೆ. ಎಷ್ಟು ಅಂತರ ಎನ್ನುವುದು ಬದಲಾಗುವುದಿಲ್ಲ. ಅಂತರವನ್ನು ಹಿಡಿದುಕೊಳ್ಳಿ.’

ನಮ್ಮ ಹಿಂದಿನವರು ಎಕ್ಸ್‌ಗೆ ‘ಯಾವತ್ತಾವತ್’ ಎನ್ನುತ್ತಿದ್ದರು, ಇನ್ನೊಂದು ಅವ್ಯಕ್ತ ಬಂದರೆ ಕಪ್ಪು, ನೀಲಿ, ಹಳದಿ ಎಂದು ಬಣ್ಣದ ಹೆಸರಿಡುತ್ತಿದ್ದರು ಎಂಬುದನ್ನು ಅವರಿಂದಲೇ ತಿಳಿದದ್ದು. ಶಕ 1036ರಲ್ಲಿ ಹುಟ್ಟಿ ಮೂವತ್ತಾರನೆಯ ವಯಸ್ಸಿನಲ್ಲಿ ಸಿದ್ಧಾಂತ ಶಿರೋಮಣಿ ಬರೆದೆನೆಂದು ಭಾಸ್ಕರಾಚಾರ್ಯರು ಹೇಳಿಕೊಂಡಿದ್ದಾರೆ. ಅದು ಕ್ರಿಸ್ತಶಕ ಎಷ್ಟು ಎಂದು ಕೇಳಿ, 78 ಕೂಡಿಸಿ 1114, ಮತ್ತೆ 36 ಕೂಡಿಸಿ 1150 ಎಂದು ನಮ್ಮಿಂದಲೇ ಹೇಳಿಸಿದ್ದರು. ಗ್ರೀಕರ ಡಯೋಫಾಂಟಸನ ಒಗಟನ್ನಂತೂ ಇಡೀ ಬೋರ್ಡಿಗೆ ಹರಡಿದ್ದರು. ಆಯುಷ್ಯದ ಆರನೆಯ ಒಂದು ಭಾಗ ಬಾಲ್ಯ, ಆಮೇಲೆ ಹನ್ನೆರಡನೆಯ ಒಂದು ಭಾಗ ಕಳೆದು ಗಡ್ಡ, ಏಳನೆಯ ಒಂದು ಭಾಗ ಕಳೆದು ಮದುವೆ, ಐದು ವರ್ಷಕ್ಕೆ ಮಗ. ಆ ಮಗ ಅಪ್ಪನ ಅರ್ಧ ಆಯುಷ್ಯ ಬದುಕಿ, ಅಪ್ಪನಿಗಿಂತ ನಾಲ್ಕು ವರ್ಷ ಮೊದಲೇ ತೀರಿಕೊಂಡ. ಉತ್ತರ 84. ಬಿಡಿಸಿ ಮುಗಿಸಿದ ಮೇಲೆ ಮೇಷ್ಟ್ರು ಕೊನೆಯ ನಾಲ್ಕನ್ನು ಬೆರಳಿನಿಂದ ತಟ್ಟಿ, ‘ಇಲ್ಲಿ ಮಾತ್ರ ಅಂತರ ನಿಲ್ಲುವುದಿಲ್ಲ, ಒಬ್ಬನ ಲೆಕ್ಕ ನಿಂತುಹೋಗಿದೆ’ ಎಂದಿದ್ದರು.

ಇನ್ನು ನನ್ನ ಕಿತಾಪತಿ. ಒಂದು ದಿನ ಅವರು ಬೋರ್ಡಿನ ಮೇಲೆ, ‘ತಂದೆಗೆ 44, ಮಗನಿಗೆ 12. ಎಷ್ಟು ವರ್ಷಗಳ ನಂತರ ತಂದೆಯ ವಯಸ್ಸು ಮಗನ ವಯಸ್ಸಿನ ಮೂರು ಪಟ್ಟಾಗುತ್ತದೆ?’ ಎಂದು ಬರೆದು, ಹಾಜರಿ ಪುಸ್ತಕ ತರಲು ಕಚೇರಿಗೆ ಹೋದರು. ನಾನು ಓಡಿಹೋಗಿ 12ರ ಎರಡನ್ನು ಒಂದೇ ಗೀಟಿನಲ್ಲಿ ಎಂಟು ಮಾಡಿ ಬಂದೆ. ಮೇಷ್ಟ್ರು ತಿಣುಕುವುದನ್ನು ನೋಡಬೇಕೆಂಬ ಆಸೆ. ಅವರು ಬಂದು ಆ ಎಂಟನ್ನು ಅರೆಗಳಿಗೆ ನೋಡಿದರು. ಏನೂ ಹೇಳದೆ ಬಿಡಿಸಿದರು: 44 + ಎಕ್ಸ್ = 54 + 3 ಎಕ್ಸ್. ಉತ್ತರ ಋಣ 5. ತರಗತಿ ಉಸಿರು ಬಿಗಿಹಿಡಿದಿತ್ತು. ‘ಇದು ತಪ್ಪು ಉತ್ತರವಲ್ಲ. ನಂತರ ಎಂದು ಕೇಳಿದ್ದೀರಿ, ಅದು ಐದು ವರ್ಷದ ಹಿಂದೆಯೇ ಆಗಿಹೋಗಿದೆ. ಆಗ ತಂದೆಗೆ 39, ಮಗನಿಗೆ 13’ ಎಂದರು. ಆಮೇಲೆ ಸೀಮೆಸುಣ್ಣವಾಗಿದ್ದ ನನ್ನ ಬೆರಳುಗಳನ್ನು ನೋಡಿ, ‘ಹುಡುಗನನ್ನು ಒಂದೇ ಗೀಟಿನಲ್ಲಿ ಆರು ವರ್ಷ ಬೆಳೆಸಿಬಿಟ್ಟೆಯಲ್ಲೋ. ಬಾ, 12 ಎಂದೇ ಇಟ್ಟು ಮಾಡು’ ಎಂದರು. ಉತ್ತರ 4 ಬಂತು. ಋಣ ಸಂಖ್ಯೆಯ ಅರ್ಥ ಆ ದಿನ ಹೊಳೆದಷ್ಟು ಸ್ಪಷ್ಟವಾಗಿ ಮುಂದೆ ಯಾವ ಕಾಲೇಜಿನಲ್ಲೂ ಹೊಳೆಯಲಿಲ್ಲ.

ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ನನಗೆ 97 ಬಂತು. ಆ ಅಂಕವನ್ನು ನಮ್ಮ ಶಾಲೆಯಲ್ಲಿ ಹನ್ನೊಂದು ವರ್ಷ ಯಾರೂ ದಾಟಲಿಲ್ಲ ಎಂದು ಹೆಮ್ಮೆಯಿಂದಲೇ ಬರೆಯುತ್ತೇನೆ. ಮುಂದೆ ವಿಮಾ ಕಚೇರಿಯಲ್ಲಿ ದಿನವೂ ಜನರ ವಯಸ್ಸನ್ನೇ ಲೆಕ್ಕ ಹಾಕಿ ಬದುಕಿದೆ, ಕಿರಿಯರಿಗೂ ಕಲಿಸಿದೆ. ಈಗ ತಮ್ಮನ ಮಗಳು ಒಂಬತ್ತನೇ ತರಗತಿ. ಇದೇ ಲೆಕ್ಕ ಕೊಟ್ಟರೆ ನಾಲ್ಕು ಆಯ್ಕೆಗಳನ್ನೂ ಒಂದೊಂದಾಗಿ ಹಾಕಿ ನೋಡಿ, ಹೊಂದಿದ್ದಕ್ಕೆ ಗುರುತು ಹಾಕುತ್ತಾಳೆ. ಟ್ಯೂಷನ್‌ನಲ್ಲಿ ಹಾಗೆಯೇ ಹೇಳಿಕೊಡುತ್ತಾರಂತೆ, ಸಮಯ ಉಳಿಯುತ್ತದಂತೆ. ಮಗು ಚುರುಕಾಗಿದೆ, ದೂರುವುದಿಲ್ಲ. ಆದರೆ ಆಯ್ಕೆಗಳೇ ಇಲ್ಲದ ಲೆಕ್ಕ ಎದುರಾದರೆ ಎಲ್ಲಿಂದ ಶುರುಮಾಡುತ್ತಾಳೆ ಎಂದು ಸಂಕಟವಾಗುತ್ತದೆ.

2023ರ ಆಷಾಢದಲ್ಲಿ ಮೇಷ್ಟ್ರು ಹೋದರು. ಅವರಿಗೂ ನನಗೂ ಇದ್ದ ಅಂತರ ಅಂದಿನಿಂದ ಕರಗುತ್ತಿದೆ. ತಿಥಿಯ ದಿನ ಜಗಲಿಯಲ್ಲಿ ಅವರ ಮಗನ ಪಕ್ಕ ಕುಳಿತಿದ್ದೆ. ಕಾರ್ಡಿನಲ್ಲಿ ವಯಸ್ಸು 81 ಎಂದಿತ್ತು. ‘ಅದು ಶಾಲೆಯ ದಾಖಲೆಯ ಲೆಕ್ಕ, 1942ರ ಜೂನ್ ಒಂದು. ನಿಜ ಗೊತ್ತಿಲ್ಲ’ ಎಂದರು ಮಗ. ಒಳಗಿನಿಂದ ಮೇಷ್ಟ್ರ ಅಕ್ಕ, ತೊಂಬತ್ತು ದಾಟಿದವರು, ಗೋಡೆ ಹಿಡಿದು ಬಂದು ಕುಳಿತರು. ‘ಅವನನ್ನು ಶಾಲೆಗೆ ಬಿಟ್ಟುಬಂದವಳು ನಾನೇ ಅಲ್ಲವೇ? ಅಕ್ಕನ ಅರ್ಧ ವಯಸ್ಸಾದ ಮೇಲೆ ಹುಡುಗ ಶಾಲೆಗೆ ಹೊರಟ ಎಂದು ಅಪ್ಪ ನಗುತ್ತಿದ್ದರು. ಅದಾಗಿ ಎಂಟನೆಯ ವರ್ಷ ಕೊಡಗು ಮೈಸೂರಿಗೆ ಸೇರಿತು. ಆ ವರ್ಷವೇ ನನ್ನ ದೊಡ್ಡ ಮಗ ಹುಟ್ಟಿದ್ದು, ಆಗ ನನಗೆ ಇಪ್ಪತ್ತನಾಲ್ಕು.’

ಕಾರ್ಡು ತಿರುಗಿಸಿ ಬರೆದೆ: ಮೇಷ್ಟ್ರ ಅಂದಿನ ವಯಸ್ಸು ಎಕ್ಸ್ ಆಗಿರಲಿ. ಅಕ್ಕನದು 2 ಎಕ್ಸ್. 2 ಎಕ್ಸ್ + 8 = 24. ಎಕ್ಸ್ ಎಂಟು. ಕೊಡಗು ಸೇರಿದ್ದು 1956ರಲ್ಲಿ, ಶಾಲೆಗೆ ಹೋದದ್ದು 1948ರಲ್ಲಿ, ಹುಟ್ಟಿದ್ದು 1940ರಲ್ಲಿ. ತೀರಿಕೊಂಡಾಗ 83. ಸುಮ್ಮನೆ 1984ಕ್ಕೂ ಲೆಕ್ಕ ಹಾಕಿದೆ: 44.

‘ನಿಮಗೆ ಈಗ ಎಷ್ಟು?’ ಎಂದು ಮಗನನ್ನು ಕೇಳಿದೆ.

‘ಐವತ್ತೊಂದು.’

ಕಾರ್ಡಿನ ಮೇಲೆ 44ರ ಪಕ್ಕದಲ್ಲಿ 12 ಎಂದು ಬರೆದೆ. ಎರಡನ್ನು ಬಿಡಿಸಿ, ಸ್ಪಷ್ಟವಾಗಿ ಬರೆದೆ.