ಪಿಯುಸಿಯಲ್ಲಿ ಓದದ ಮನೋವಿಜ್ಞಾನವನ್ನು ಪದವಿಗೆ ಆರಿಸಿಕೊಳ್ಳುವ ಮುನ್ನ

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮರುವಾರದಿಂದಲೇ ನೆಂಟರ ಮಕ್ಕಳು, ಅವರ ಗೆಳತಿಯರು, ಕೆಲವೊಮ್ಮೆ ನನಗೆ ಪರಿಚಯವೇ ಇಲ್ಲದ ತಾಯಂದಿರು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಾರೆ: ಪಿಯುಸಿಯಲ್ಲಿ ಮನೋವಿಜ್ಞಾನ ಓದಿಲ್ಲ, ಪದವಿಯಲ್ಲಿ ತೆಗೆದುಕೊಂಡರೆ ನಡೆಯುತ್ತದೆಯೇ? ಖಂಡಿತ ನಡೆಯುತ್ತದೆ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಬಿ.ಎ. ಸೇರುವವರು ಪಿಯುಸಿಯಲ್ಲಿ ಕಲೆ ಓದಿದ್ದರೂ, ವಾಣಿಜ್ಯ ಓದಿದ್ದರೂ, ವಿಜ್ಞಾನ ಓದಿದ್ದರೂ ಅಡ್ಡಿಯಿಲ್ಲ. ಮನೋವಿಜ್ಞಾನದ ಪಾಠವೂ ಮೊದಲ ಸೆಮಿಸ್ಟರಿನಲ್ಲಿ ಅ ಆ ಇ ಈಯಿಂದಲೇ ಶುರುವಾಗುತ್ತದೆ. ಹಾವೇರಿ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ ಪಿಯುಸಿ ವಾಣಿಜ್ಯದ ಸೆಬಾ (ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರಗಳ ಗುಂಪು) ಓದಿದ ನಾನು ಧಾರವಾಡಕ್ಕೆ ಬಂದು ಈ ವಿಷಯವನ್ನು ಹಿಡಿದಾಗ, ಡೆಬಿಟ್ಟು ಕ್ರೆಡಿಟ್ಟು ಬಿಟ್ಟರೆ ನನಗೆ ಮನಸ್ಸಿನ ಲೆಕ್ಕಾಚಾರವೇನೂ ಗೊತ್ತಿರಲಿಲ್ಲ. ಈಗ ಶಾಲೆಯೊಂದರಲ್ಲಿ ಆಪ್ತಸಮಾಲೋಚಕಿಯಾಗಿದ್ದೇನೆ.

ಈ ವಿಷಯವನ್ನು ಮೊದಲು ಓದದಿರುವುದು ಬಹುಪಾಲು ವಿದ್ಯಾರ್ಥಿಗಳ ಆಯ್ಕೆಯಲ್ಲ, ಅವರ ಊರಿನ ಕಾಲೇಜಿನ ಸ್ಥಿತಿ. ಪದವಿಪೂರ್ವ ಶಿಕ್ಷಣದಲ್ಲಿ ಮನೋವಿಜ್ಞಾನ ಐಚ್ಛಿಕ ವಿಷಯವಾಗಿ ಇದೆಯಾದರೂ, ತಾಲ್ಲೂಕು ಮಟ್ಟದ ಕಾಲೇಜುಗಳ ಕಲಾ ವಿಭಾಗಕ್ಕೆ ಹೋದರೆ ಸಾಮಾನ್ಯವಾಗಿ ಸಿಗುವುದು ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರಗಳ ಗುಂಪು ಮಾತ್ರ. ಇದು ವಿಚಿತ್ರವೆನಿಸಲು ಕಾರಣವಿದೆ. ಕಲ್ಕತ್ತೆಯಲ್ಲಿ 1916ರಲ್ಲಿ ಮನೋವಿಜ್ಞಾನ ವಿಭಾಗ ಆರಂಭವಾದ ಕೆಲವೇ ವರ್ಷಗಳಲ್ಲಿ, 1924ರಲ್ಲಿ, ಮೈಸೂರು ವಿಶ್ವವಿದ್ಯಾಲಯವೂ ಆ ವಿಭಾಗವನ್ನು ತೆರೆದಿತ್ತು. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಅಧ್ಯಯನ ಮಾಡಿ ಬಂದ ಎಂ.ವಿ. ಗೋಪಾಲಸ್ವಾಮಿಯವರು ಅದರ ಹೊಣೆ ಹೊತ್ತಿದ್ದರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಎಂಬ ಹೆಸರಿನ ರೇಡಿಯೊ ಪ್ರಸಾರ ಆರಂಭಿಸಿದವರೂ ಇವರೇ. ಅವರ ರೇಡಿಯೊ ಮಾತ್ರ ಎಲ್ಲರಿಗೂ ನೆನಪಿದೆ. ಅವರು ಕಲಿಸುತ್ತಿದ್ದ ವಿಷಯ ನೂರು ವರ್ಷ ಕಳೆದರೂ ನಮ್ಮೂರಿನ ಕಾಲೇಜಿನವರೆಗೆ ಬಂದಿಲ್ಲ.

ಹಾಗಾಗಿ ಹಿಂದೆ ಓದಿಲ್ಲವೆಂಬ ಅಳುಕು ಬೇಡ. ಆದರೆ ಓದದವರು ಮನಸ್ಸಿನಲ್ಲಿ ಕಟ್ಟಿಕೊಂಡು ಬರುವ ಚಿತ್ರವನ್ನು ಮಾತ್ರ ಸೇರುವ ಮೊದಲೇ ಪರೀಕ್ಷಿಸಿಕೊಳ್ಳಬೇಕು. “ಎಲ್ಲರೂ ತಮ್ಮ ಕಷ್ಟ ನನ್ನ ಹತ್ತಿರ ಹೇಳಿಕೊಳ್ಳುತ್ತಾರೆ, ಅದಕ್ಕೇ ಸೈಕಾಲಜಿ ತಗೋಬೇಕು ಅಂತ” ಎನ್ನುವ ಹುಡುಗಿಯರನ್ನು ನಾನು ಮತ್ತೆ ಮತ್ತೆ ಭೇಟಿಯಾಗುತ್ತೇನೆ. ಕನ್ನಡದ ಓದುಗರಿಗೆ ಮನಸ್ಸಿನ ವಿಚಾರ ತಲುಪಿರುವುದು ಬಹುಮಟ್ಟಿಗೆ ಡಾ. ಸಿ.ಆರ್. ಚಂದ್ರಶೇಖರ್ ಅವರಂತಹ ಮನೋವೈದ್ಯರ ಲೇಖನಗಳಿಂದ. ಅವು ಎಷ್ಟೋ ಮನೆಗಳಿಗೆ ಧೈರ್ಯ ಕೊಟ್ಟಿವೆ. ಅವು ವೈದ್ಯರು ಓದುಗರಿಗೆ ಹೇಳುವ ಮಾತುಗಳು. ಪದವಿಯ ಪಠ್ಯದಲ್ಲಿ ಬರುವ ಮನೋವಿಜ್ಞಾನದ ಸ್ವರೂಪ ಬೇರೆ: ಅಲ್ಲಿ ಸಂವೇದನೆ, ಗ್ರಹಿಕೆ, ಅವಧಾನ, ಕಲಿಕೆ, ಸ್ಮೃತಿ, ನರಮಂಡಲದ ರಚನೆ ಇವೆಲ್ಲ ಮೊದಲು ಬರುತ್ತವೆ, ಆತಂಕ, ಖಿನ್ನತೆಗಳ ಅಧ್ಯಾಯ ತಲುಪುವಷ್ಟರಲ್ಲಿ ಪದವಿಯ ಅರ್ಧಭಾಗವೇ ಮುಗಿದಿರುತ್ತದೆ. ಎದುರಿಗೆ ಕುಳಿತವರೊಂದಿಗೆ ಸಮಾಲೋಚನೆ ನಡೆಸುವುದನ್ನು ನಿಜವಾಗಿ ಅಭ್ಯಾಸ ಮಾಡುವುದು ಅದಕ್ಕಿಂತಲೂ ಮುಂದಿನ ಹಂತದಲ್ಲಿ.

ನಮ್ಮ ಮೊದಲ ಪ್ರಾಯೋಗಿಕ ತರಗತಿಯಲ್ಲಿ ಮೇಜಿನ ಮೇಲೆ ಇಟ್ಟದ್ದು ಕನ್ನಡಿಯಲ್ಲಿ ನೋಡಿ ಗೆರೆ ಎಳೆಯುವ ಉಪಕರಣ. ಒಂದು ಮರದ ಹಲಗೆ, ಅದರ ಆಚೆ ತುದಿಯಲ್ಲಿ ನೆಟ್ಟಗೆ ನಿಲ್ಲಿಸಿದ ಕನ್ನಡಿ, ನಮ್ಮ ಕೈ ನಮಗೆ ನೇರವಾಗಿ ಕಾಣದಂತೆ ಮರೆಮಾಡುವ ತಗಡು. ಹಲಗೆಗೆ ಸಿಕ್ಕಿಸಿದ ಹಾಳೆಯಲ್ಲಿ ಜೋಡಿಗೆರೆಯ ನಕ್ಷತ್ರವೊಂದಿರುತ್ತದೆ. ಕನ್ನಡಿಯನ್ನು ಮಾತ್ರ ನೋಡುತ್ತ, ಪೆನ್ಸಿಲ್ ಎರಡು ಗೆರೆಗಳನ್ನೂ ತಾಗದಂತೆ ನಕ್ಷತ್ರವನ್ನು ಒಂದು ಸುತ್ತು ಹಾಕಬೇಕು. ಕನ್ನಡಿಯಲ್ಲಿ ಹತ್ತಿರ-ದೂರಗಳು ಮಾತ್ರ ತಿರುವುಮುರುವಾಗುವುದರಿಂದ ಎಡದಿಂದ ಬಲಕ್ಕೆ ಹೋಗುವ ಗೆರೆ ಸಲೀಸಾಗಿ ಬರುತ್ತದೆ. ಓರೆಗೆರೆಗೆ ಬಂದೊಡನೆ ಕೈಗೆ ದಿಕ್ಕು ತಪ್ಪುತ್ತದೆ, ಮೂಲೆಯಲ್ಲಿ ಪೆನ್ಸಿಲ್ ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ಕಾಗದ ಹರಿಯುವಷ್ಟು ಗೀಚುತ್ತದೆ. ಜೊತೆಗಾತಿ ಸ್ಟಾಪ್‌ವಾಚ್ ಹಿಡಿದು ಸಮಯವನ್ನೂ ಗೆರೆ ತಾಗಿದ ತಪ್ಪುಗಳನ್ನೂ ಬರೆದುಕೊಳ್ಳುತ್ತಾಳೆ. ಮೊದಲು ಎಡಗೈಯಲ್ಲಿ ಒಮ್ಮೆ, ಆಮೇಲೆ ಬಲಗೈಯಲ್ಲಿ ಹಲವು ಸಲ, ಕೊನೆಗೆ ಪುನಃ ಎಡಗೈಯಲ್ಲಿ. ನಡುವೆ ಅಭ್ಯಾಸವೇ ಇಲ್ಲದಿದ್ದ ಎಡಗೈ ಸಾಮಾನ್ಯವಾಗಿ ಕೊನೆಯ ಸುತ್ತಿನಲ್ಲಿ ಸುಧಾರಿಸಿರುತ್ತದೆ: ಒಂದು ಕೈ ಕಲಿತದ್ದು ಇನ್ನೊಂದು ಕೈಗೂ ದಾಟುತ್ತದೆ ಎಂಬುದನ್ನು ಪುಸ್ತಕ ಹೇಳುವ ಮೊದಲೇ ನಮ್ಮ ಅಂಕಿಗಳು ತೋರಿಸಿದ್ದವು. ಲೈಪ್ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ 1879ರಲ್ಲಿ ಪ್ರಯೋಗಾಲಯ ತೆರೆದದ್ದನ್ನು ಈ ವಿಷಯದ ಹುಟ್ಟು ಎಂದು ಏಕೆ ಎಣಿಸುತ್ತಾರೆಂಬುದು ನನಗೆ ಆ ಮೇಜಿನ ಮುಂದೆಯೇ ಅರ್ಥವಾಯಿತು.

ಪ್ರಯೋಗದ ನಂತರ ಬರುವುದು ಸಂಖ್ಯಾಶಾಸ್ತ್ರ, ಬಹಳ ಮಂದಿ ಎಡವುವುದೂ ಇಲ್ಲಿಯೇ. ಸರಾಸರಿ, ಮಾನಕ ವಿಚಲನೆ, ಸಹಸಂಬಂಧ ಗುಣಾಂಕ ಇವುಗಳಿಂದ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಸೆಬಾ ಓದಿದವರಿಗೆ ಇದರಲ್ಲಿ ಅರ್ಧ ಪಾಠ ಮೊದಲೇ ಆಗಿರುತ್ತದೆ. ವಿಜ್ಞಾನದವರಿಗೆ ನರಕೋಶದ ಅಧ್ಯಾಯ ಹಗುರ. ಕಲಾ ವಿಭಾಗದವರಿಗೆ ದೀರ್ಘ ಉತ್ತರ ಬರೆಯುವ ಕೈ ಇರುತ್ತದೆ. ಲೆಕ್ಕವೆಂದರೆ ಹೆದರಿ ಆರ್ಟ್ಸ್ ಹುಡುಕುವವರು ಮಾತ್ರ ಎರಡು ಸಲ ಯೋಚಿಸುವುದು ಒಳ್ಳೆಯದು. ಈ ಲೆಕ್ಕ ಯಾಕೆ ಬೇಕು ಎಂಬುದಕ್ಕೆ ಧಾರವಾಡದ್ದೇ ಉದಾಹರಣೆ ಇದೆ. ವಿ.ವಿ. ಕಾಮತ್ ಅವರು 1930ರ ದಶಕದಲ್ಲಿ ಅಲ್ಲಿ ಬಿನೆ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದಿಸಿದರು. ಬಿನೆ-ಕಾಮತ್ ಪರೀಕ್ಷೆಯೆಂಬ ಹೆಸರಿನಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ಅಂದಿನ ಮಕ್ಕಳ ಅಂಕಗಳಿಂದ ಕಟ್ಟಿದ ಅಳತೆಗೋಲನ್ನು ಇಂದಿನ ಮಗುವಿಗೆ ಎಷ್ಟರಮಟ್ಟಿಗೆ ಹಿಡಿಯಬಹುದು ಎಂದು ವಿಚಾರಿಸಬೇಕಾದರೆ, ಮಾನದಂಡವನ್ನು ಹೇಗೆ ನಿಗದಿಪಡಿಸುತ್ತಾರೆ ಎಂಬುದು ತಿಳಿದಿರಬೇಕು. ಮಗುವಿನ ಹಣೆಗೆ ಒಂದು ಸಂಖ್ಯೆ ಅಂಟಿಸುವ ಕೆಲಸ ಮಾಡುವವರಿಗೆ ಇಷ್ಟಾದರೂ ಗೊತ್ತಿರಬೇಕೆಂಬುದು ನನ್ನ ಹಟ.

ಆಸಕ್ತಿ ನಿಜವೇ ಎಂದು ನೋಡಿಕೊಳ್ಳಲು ಖರ್ಚಿಲ್ಲದ ಉಪಾಯವೊಂದಿದೆ. ಎನ್‌ಸಿಇಆರ್‌ಟಿಯ ಹನ್ನೊಂದನೆಯ ತರಗತಿಯ ಮನೋವಿಜ್ಞಾನದ ಪುಸ್ತಕ ಅದರ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಎಲ್ಲರೂ ಹಾರಿಸಿಬಿಡುವ ಎರಡನೆಯ ಅಧ್ಯಾಯವನ್ನು, ಅಂದರೆ ವೀಕ್ಷಣೆ, ಪ್ರಯೋಗ, ಸಮೀಕ್ಷೆ ಮೊದಲಾದ ವಿಧಾನಗಳ ಅಧ್ಯಾಯವನ್ನು ಓದಬೇಕು. ಅದು ಹಿಡಿಸಿದರೆ ವಿಷಯ ಹಿಡಿಸುತ್ತದೆ. ಪುಸ್ತಕ ಇಂಗ್ಲಿಷಿನಲ್ಲಿದೆಯೆಂಬ ತೊಡಕು ಕನ್ನಡ ಮಾಧ್ಯಮದವರಿಗೆ ಇದ್ದೇ ಇದೆ. ಮೂರು ವರ್ಷವೂ ಆ ತೊಡಕು ಜೊತೆಗಿರುವುದರಿಂದ ಅದನ್ನೂ ಈಗಲೇ ಅಳೆದುಕೊಂಡಂತಾಗುತ್ತದೆ.

ಮನೆಯವರ ಪ್ರಶ್ನೆಗಳು ಬೇರೆಯೇ ಇರುತ್ತವೆ. “ಹುಚ್ಚರ ಜೋಡಿ ಕುಂತು ಮಾತಾಡೂ ಓದು ನಿನಗ್ಯಾಕ ಬೇಕವಾ, ಬಿ.ಕಾಂ. ಮಾಡಿ ಬ್ಯಾಂಕಿಗೆ ಹೋಗು” ಎಂದು ನನ್ನ ಸೋದರಮಾವ ಅಂದಿದ್ದರು. ಅವರ ಮಾತಿನ ಮೊದಲರ್ಧಕ್ಕೆ ಉತ್ತರ ಕೊಡುವುದು ಸುಲಭವಾಗಿತ್ತು. ಹೊಟ್ಟೆಪಾಡಿನ ಬಗೆಗಿನ ಉಳಿದರ್ಧ ಇಂದಿಗೂ ತೂಕದ ಮಾತೇ. ಬಿ.ಎ. ಒಂದರಿಂದಲೇ ಯಾರೂ ಮನೋವಿಜ್ಞಾನಿ ಆಗುವುದಿಲ್ಲ. ಔಷಧಿ ಬರೆಯುವ ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮುಂದೆ ಓದಿದವರು. ಆ ದಾರಿ ಇಲ್ಲಿಂದ ಹೋಗುವುದಿಲ್ಲ. ಚಿಕಿತ್ಸಾ ಮನೋವಿಜ್ಞಾನಿಯಾಗಬೇಕಾದರೆ ಸ್ನಾತಕೋತ್ತರ ಪದವಿಯ ಮೇಲೆ ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ತರಬೇತಿ ಮುಗಿಸಿ ಅಲ್ಲಿ ನೋಂದಾಯಿಸಿಕೊಳ್ಳಬೇಕು. ನಿಮ್ಹಾನ್ಸ್‌ನಂತಹ ಸಂಸ್ಥೆಗಳ ಎರಡು ವರ್ಷದ ಎಂ.ಫಿಲ್. ಬಹುಕಾಲ ಆ ಹೆಬ್ಬಾಗಿಲಾಗಿತ್ತು. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಎಂ.ಫಿಲ್. ಪದವಿಯನ್ನೇ ನಿಲ್ಲಿಸಲು ಹೊರಟ ಮೇಲೆ ಈ ನಿಯಮಗಳು ಬದಲಾಗುತ್ತಿವೆ. ಆದ್ದರಿಂದ ಸೀನಿಯರ್‌ಗಳ ಮಾತಿಗಿಂತ ಪರಿಷತ್ತಿನ ಜಾಲತಾಣವನ್ನು ನಂಬುವುದು ಕ್ಷೇಮ.

ಇನ್ನೊಂದು ಬದಲಾವಣೆ ಈಗ ಪಿಯುಸಿ ಮುಗಿಸಿದವರಿಗೆ ನೇರವಾಗಿ ತಟ್ಟುತ್ತದೆ. ಮೊದಲೆಲ್ಲ “ಪದವಿಯಲ್ಲಿ ಏನಾದರೂ ಓದಿಕೋ, ಆಮೇಲೆ ದೂರಶಿಕ್ಷಣದಲ್ಲಿ ಸೈಕಾಲಜಿ ಎಂ.ಎ. ಮಾಡಿದರಾಯಿತು” ಎಂಬ ಸಲಹೆ ಎಲ್ಲೆಡೆ ಸಿಗುತ್ತಿತ್ತು. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಮನೋವಿಜ್ಞಾನವನ್ನು ದೂರಶಿಕ್ಷಣ ಮತ್ತು ಆನ್‌ಲೈನ್ ಕ್ರಮದಲ್ಲಿ ಕಲಿಸಬಾರದೆಂದು ಯುಜಿಸಿ ನಿರ್ಧರಿಸಿದೆ. ಹಲವು ವಿಶ್ವವಿದ್ಯಾಲಯಗಳ ರೆಗ್ಯುಲರ್ ಎಂ.ಎ., ಎಂ.ಎಸ್ಸಿ.ಗೆ ಸೇರಲು ಪದವಿಯಲ್ಲಿ ಈ ವಿಷಯ ಓದಿರಲೇಬೇಕು. ಪಿಯುಸಿಯಲ್ಲಿ ಓದದಿದ್ದರೆ ಏನೂ ನಷ್ಟವಿಲ್ಲ, ಪದವಿಯಲ್ಲಿಯೂ ಬಿಟ್ಟರೆ ಮುಂದೆ ಹಿಂತಿರುಗುವ ದಾರಿ ಕಿರಿದಾಗುತ್ತದೆ. ಹಾಗಾಗಿ ಅರ್ಧ ಮನಸ್ಸಿದ್ದವರಿಗೂ ನಾನು ಹೇಳುವುದು, ಇತರ ವಿಷಯಗಳ ಜೊತೆಯಲ್ಲಾದರೂ ಇದನ್ನು ಇಟ್ಟುಕೊಂಡಿರಿ ಎಂದೇ.

ಕಾಲೇಜು ನೋಡಲು ಹೋದಾಗ ಕಟ್ಟಡವನ್ನಾಗಲಿ ಹಾಸ್ಟೆಲ್ಲನ್ನಾಗಲಿ ನೋಡುವ ಮೊದಲು ಮನೋವಿಜ್ಞಾನ ಪ್ರಯೋಗಾಲಯ ಎಲ್ಲಿದೆಯೆಂದು ಕೇಳಬೇಕು. ಹಿಂದಿನ ವರ್ಷದ ವಿದ್ಯಾರ್ಥಿಗಳ ಪ್ರಾಯೋಗಿಕ ರೆಕಾರ್ಡ್ ಪುಸ್ತಕಗಳನ್ನು ತೋರಿಸಿ ಎಂದರೆ ಸಾಮಾನ್ಯವಾಗಿ ಯಾರೂ ಇಲ್ಲವೆನ್ನುವುದಿಲ್ಲ. ಎಲ್ಲ ಪುಸ್ತಕಗಳಲ್ಲೂ ಒಂದೇ ಸಮಯ, ಒಂದೇ ತಪ್ಪುಗಳ ಸಂಖ್ಯೆ ಕಂಡರೆ ಅಲ್ಲಿ ಪ್ರಯೋಗ ನಡೆಯುತ್ತಿಲ್ಲ, ನಕಲು ನಡೆಯುತ್ತಿದೆ. ವಿಷಯಕ್ಕೆ ಕಾಯಂ ಅಧ್ಯಾಪಕರಿದ್ದಾರೆಯೇ, ಪ್ರತಿ ವರ್ಷ ಬದಲಾಗುವ ಅತಿಥಿ ಉಪನ್ಯಾಸಕರ ಮೇಲೆಯೇ ನಡೆಯುತ್ತಿದೆಯೇ ಎಂಬುದನ್ನೂ ವಿಚಾರಿಸಬೇಕು. ಜೊತೆಗೆ ಓದುವ ವಿಷಯಗಳಲ್ಲಿ ಆಯ್ಕೆಯಿದ್ದರೆ ಸಮಾಜಶಾಸ್ತ್ರವನ್ನು ಖಂಡಿತ ತೆಗೆದುಕೊಳ್ಳಿ. ಶಾಲೆಯಲ್ಲಿ ನನ್ನ ಬಳಿಗೆ ಬರುವ ಮಕ್ಕಳ ತೊಂದರೆಗಳಲ್ಲಿ ಮನೆಯ ಸಾಲ, ಅಪ್ಪನ ಕುಡಿತ, ಜಾತಿಯ ಮಾತು ಇವುಗಳ ಪಾಲು ದೊಡ್ಡದು, ಅವನ್ನು ಕಾಣಲು ನನಗೆ ಆ ತರಗತಿಗಳೂ ಬೇಕಾದವು.