ಹಳೆ ಮನೆಯ ಮೂಲೆಗೆ ಪಟ್ಟಿ ಕೂರಿಸುವುದು

ಹಳೆ ಮನೆಗೆ ಹೊಸ ಸ್ಕರ್ಟಿಂಗ್, ಅಂದರೆ ಗೋಡೆಯ ಬುಡದ ಮರದ ಪಟ್ಟಿ, ಹೊಡೆದ ದಿನ ಎಲ್ಲ ಮೂಲೆಯೂ ಚೆಂದವೇ. ಹವೆ ಬದಲಾಗಿ ಮರ ಇನ್ನಷ್ಟು ಒಣಗಿತೋ, 45 ಡಿಗ್ರಿಗೆ ಕೊಯ್ದು ಜೋಡಿಸಿದ ಒಳಮೂಲೆಗಳು ಬಾಯಿ ಬಿಡತೊಡಗುತ್ತವೆ. ಪುಟ್ಟಿ ತುಂಬಿದರೆ ಅದೂ ಬಿರಿಯುತ್ತದೆ. ಒಳಮೂಲೆಗೆ ಮೈಟರ್, ಅಂದರೆ ಈ ಓರೆ ಜೋಡಣೆ, ಹಾಕಿದಾಗಲೇ ಕೆಲಸ ಕೆಟ್ಟಿರುತ್ತದೆ.

ಗಾರೆಯ ಮೇಲೆ ಗಾರೆ ಬಿದ್ದ ಹಳೆ ಗೋಡೆಗೆ ಮೂಲೆಮಟ್ಟ ಹಿಡಿದು ನೋಡಿ. 88 ಡಿಗ್ರಿ ಇರಬಹುದು, 93 ಇರಬಹುದು, ನೆಲದ ಹತ್ತಿರ ಒಂದು, ಮೇಲೆ ಇನ್ನೊಂದು. ಇಂಥ ಮೂಲೆಗೆ ಕೋಪಿಂಗ್ ಜೋಡಣೆಯೇ ಸರಿ, ಅಂದರೆ ಒಂದು ಪಟ್ಟಿಯ ತುದಿಯನ್ನು ಇನ್ನೊಂದರ ಮೈಯ ಆಕಾರಕ್ಕೆ ಕೊಯ್ದು ಕೂರಿಸುವುದು. ಮೊದಲ ಪಟ್ಟಿಯ ತುದಿಯನ್ನು ನೇರ ಕೊಯ್ದು ಗೋಡೆಗೆ ಒತ್ತಿ ಹೊಡೆಯಿರಿ. ಎರಡನೆಯದನ್ನು ಒಳಮೂಲೆಗೆ ಬೇಕಾದಂತೆ 45ಕ್ಕೆ ಕೊಯ್ಯಿರಿ. ಕೊಯ್ತದ ಅಂಚಿನಲ್ಲಿ ಪಟ್ಟಿಯ ಏರಿಳಿತದ ಗೆರೆ ಪೂರ್ತಿ ಮೂಡುತ್ತದೆ. ಪೆನ್ಸಿಲನ್ನು ಮಲಗಿಸಿ ಉಜ್ಜಿ ಅದನ್ನು ಕಪ್ಪು ಮಾಡಿ. ತೆಳು ಅಲಗಿನ ಕೋಪಿಂಗ್ ಗರಗಸವನ್ನು 5ರಿಂದ 10 ಡಿಗ್ರಿ ಹಿಂದಕ್ಕೆ ಓರೆ ಹಿಡಿದು ಆ ಗೆರೆಗುಂಟ ಕೊಯ್ದರೆ ಮುಂದಿನ ತೆಳು ಅಂಚು ಮಾತ್ರ ಉಳಿದು, ಮೊದಲ ಪಟ್ಟಿಯ ಮೈಗೆ ಅಚ್ಚೊತ್ತಿದಂತೆ ಕೂರುತ್ತದೆ. ಅದೇ ಪಟ್ಟಿಯ ಒಂದು ತುಂಡಿಗೆ ಒತ್ತಿ ನೋಡಿ, ತಾಗುವ ಕಡೆ ದುಂಡು ಅರದಿಂದ ಒಂದೆರಡು ಸಲ ಎಳೆಯಿರಿ. ಮೂಲೆ ಎರಡು ಡಿಗ್ರಿ ಆಚೀಚೆ ಇದ್ದರೂ ಸಂದಿ ಕಾಣುವುದಿಲ್ಲ.

ಉದ್ದ ಅಳೆಯುವುದು ಕೋಪ್ ಮುಗಿದ ಮೇಲೆಯೇ. 2 ಮೀಟರ್ ದಾಟಿದ ಪಟ್ಟಿಯನ್ನು ಒಂದು ಮಿಲಿಮೀಟರ್ ಹೆಚ್ಚೇ ಬಿಟ್ಟು, ನಡುವೆ ಬಾಗಿಸಿ ಗೋಡೆಗೆ ತಳ್ಳಿದರೆ ಎರಡೂ ತುದಿ ಬಿಗಿಯುತ್ತವೆ. ನೇರ ತುದಿಯ ಪಟ್ಟಿ ಬಾಗಿಲಿಗೆ ಎದುರಿನ ಗೋಡೆಯಲ್ಲಿರಲಿ, ಒಳಗೆ ಬರುವವರ ಕಣ್ಣು ಆಗ ಸಂದಿಯೊಳಕ್ಕೆ ಬೀಳುವುದಿಲ್ಲ. ತನ್ನ ಮೇಲೇ ಮಡಚಿಕೊಂಡಂಥ ಆಕಾರದ ಪಟ್ಟಿಯನ್ನು ಕೋಪ್ ಮಾಡಲಾಗದು. ಅಲ್ಲಿ ಮಾತ್ರ ಮೈಟರ್.

ಹೊರಮೂಲೆಗೆ ಮೈಟರ್ ಬೇಕೇ ಬೇಕು, ಲೆಕ್ಕ ತಪ್ಪುವುದೂ ಅಲ್ಲೇ. ಗೋಡೆ 92 ಡಿಗ್ರಿ ಇದ್ದರೆ ಅರ್ಧ 46 ಎಂದು ಗರಗಸವನ್ನು 46ಕ್ಕೆ ಇಟ್ಟುಬಿಡುತ್ತಾರೆ. ಗರಗಸದ ಕೋನದ ಅಳತೆಯಲ್ಲಿ ಸೊನ್ನೆ ಎಂದರೆ ನೇರ ಕೊಯ್ತ, ಆದ್ದರಿಂದ 90ರಲ್ಲಿ 46 ಕಳೆದು 44ಕ್ಕೆ ಇಡಬೇಕು. ಅರ್ಧ ಡಿಗ್ರಿ ಹೆಚ್ಚಿಸಿ 44.5 ಮಾಡಿದರೆ ಮುಂದಿನ ಅಂಚು ಮೊದಲು ತಾಗುತ್ತದೆ, ಸಂದಿ ಹಿಂದೆ ಅಡಗುತ್ತದೆ.

ಬಾಗಿಲ ಚೌಕಟ್ಟಿನ ಸುತ್ತಪಟ್ಟಿಯದು ಬೇರೆ ತೊಂದರೆ. ಮರ ಎಳೆಯ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಗಲಕ್ಕೆ ಕುಗ್ಗುತ್ತದೆ. 100 ಮಿಲಿಮೀಟರ್ ಅಗಲದ, ದಿಮ್ಮಿಯ ಉಂಗುರಗಳಿಗೆ ಸಮಾಂತರವಾಗಿ ಸೀಳಿದ ತೇಗದ ಹಲಗೆಯ ತೇವ ಶೇಕಡಾ 4ರಷ್ಟು ಇಳಿದರೆ ಅಗಲ ಸುಮಾರು ಮುಕ್ಕಾಲು ಮಿಲಿಮೀಟರ್ ಕಡಿಮೆಯಾಗುತ್ತದೆ. ತೇಗವೇ ಹೀಗೆ, ಉಳಿದ ಎಷ್ಟೋ ಮರಗಳು ಇದಕ್ಕಿಂತ ಹೆಚ್ಚು ಆಡುತ್ತವೆ. ಮೈಟರಿನ ಹೊರತುದಿ ಅಂಟಿಕೊಂಡೇ ಇದ್ದು ಒಳತುದಿ ತೆರೆಯುತ್ತದೆ. ಹಿಂದಿನವರು ಮೂಲೆಯಲ್ಲಿ ಹೂವು ಕೆತ್ತಿದ ಚೌಕ ತುಂಡು ಇಟ್ಟದ್ದು ಬರೀ ಅಂದಕ್ಕಲ್ಲ. ಪಟ್ಟಿಗಿಂತ 3ರಿಂದ 5 ಮಿಲಿಮೀಟರ್ ದಪ್ಪಗಿರುವ ಆ ತುಂಡಿಗೆ ನೇರ ಕೊಯ್ದ ತುದಿ ತಾಗಿ ನಿಂತಾಗ, ಮರ ಕುಗ್ಗಿದರೂ ಯಾರಿಗೂ ಗೊತ್ತಾಗದು. ಅದನ್ನು ಕಿತ್ತೆಸೆದು ಮೈಟರ್ ಹಾಕಿಸುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಪಟ್ಟಿಯ ಒಳ ಅಂಚನ್ನು ಚೌಕಟ್ಟಿನ ಅಂಚಿಗೆ ಸಮ ಕೂರಿಸಬೇಡಿ, 5 ಮಿಲಿಮೀಟರ್ ಹಿಂದೆ ಸರಿಸಿ. ಚೌಕಟ್ಟಿನ ಡೊಂಕು ಆ ಮೆಟ್ಟಿಲಲ್ಲಿ ಕರಗಿಹೋಗುತ್ತದೆ. ಮೊಳೆ 400 ಮಿಲಿಮೀಟರಿಗೆ ಒಂದು ಜೋಡಿ, ತುದಿಯ ಹತ್ತಿರ ಮೊದಲು ತೂತು ಕೊರೆದೇ ಹೊಡೆಯಬೇಕು, ಇಲ್ಲವಾದರೆ ಸೀಳುತ್ತದೆ. ಹಿಂಬದಿಗೂ ಒಂದು ಕೋಟ್ ಪ್ರೈಮರ್ ಬಳಿಯಿರಿ. ಮುಂದೆ ಮಾತ್ರ ಬಣ್ಣ ಕಂಡ ಹಲಗೆ ಗೋಡೆಯ ತೇವ ಹೀರಿ ದೋಣಿಯಂತೆ ಬಾಗುತ್ತದೆ.

ಹಳೆ ಪಟ್ಟಿಯ ಆಕಾರವನ್ನೇ ಹೊಸದರಲ್ಲಿ ತೆಗೆಯಬೇಕಿದ್ದರೆ ಬಣ್ಣದ ಪದರಗಳ ಮೇಲಿಂದ ಅಚ್ಚು ತೆಗೆಯಬೇಡಿ, ಚೂಪಾದ ಗೆರೆಗಳೆಲ್ಲ ಅದರಡಿ ಹೂತಿರುತ್ತವೆ. ಬೀರುವಿನ ಹಿಂದೆಯೋ ಬಾಗಿಲ ಮರೆಯಲ್ಲೋ ಒಂದು ಗೇಣು ತುಂಡು ಬಿಡಿಸಿ, ಬಣ್ಣ ಕೆರೆದು, ಅಡ್ಡ ಕೊಯ್ದು, ಆ ಮುಖವನ್ನು ಕಾಗದಕ್ಕೆ ಒತ್ತಿ ಗೆರೆ ಎಳೆದುಕೊಳ್ಳಿ. ಹಳೆ ಬಣ್ಣದಲ್ಲಿ ಸೀಸ ಇರಬಹುದು. ಒಣ ಮರಳುಕಾಗದ ಹಚ್ಚಬೇಡಿ, ಒದ್ದೆ ಮಾಡಿ ಕೆರೆಯಿರಿ, ಮಕ್ಕಳನ್ನು ಆ ಕೋಣೆಯಿಂದ ದೂರ ಇಡಿ.